ಕಲಬುರಗಿ ಬಿಸಿಲಲ್ಲಿ ಟರ್ಬೊ ಸೆಡಾನ್: ಕಾರು ಏನು ಕೊಡುತ್ತದೆ, ಏನು ಬೇಡುತ್ತದೆ

(ಕಲಬುರಗಿಯಲ್ಲಿ ಕಾರು ಕೊಳ್ಳುವವರು ಮತ್ತು ಓಡಿಸುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ಸ್ಪೋರ್ಟಿ ಸೆಡಾನ್ ನೋಡಲು ಶೋರೂಂಗೆ ಹೋದರೆ ಮೊದಲು ಕಿವಿಗೆ ಬೀಳುವುದು ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಎಂಬ ಅಂಕಿ. 1.5 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ಪೆಟ್ರೋಲ್ ಎಂಜಿನ್ನಿನ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ, ಹ್ಯುಂಡೈ ವರ್ನಾ ಮೂರೂ ಎಂಟು–ಒಂಬತ್ತು ಸೆಕೆಂಡಿನ ಆಸುಪಾಸಿನ ಗಾಡಿಗಳು. ಆದರೆ ನಿಂತಲ್ಲಿಂದ ನೂರಕ್ಕೆ ಹಾರುವ ಪ್ರಸಂಗ ನಮ್ಮ ಭಾಗದ ರಸ್ತೆಯಲ್ಲಿ ಬರುವುದೇ ಇಲ್ಲ. ದಿನಾ ಬರುವ ಪ್ರಸಂಗ ಬೇರೆ. ಸೇಡಂ ರಸ್ತೆಯಲ್ಲಿ 50ರ ವೇಗದ ಸಿಮೆಂಟ್ ಲಾರಿಯ ಬೆನ್ನಿಗೆ ಸಿಕ್ಕಿಕೊಂಡಿರುತ್ತೀರಿ, ಎದುರಿನ ರಸ್ತೆ ಒಂದಿಷ್ಟು ಹೊತ್ತು ಖಾಲಿ ಕಾಣುತ್ತದೆ, ದಾಟಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಈ ಕಾರುಗಳ ನಿಜವಾದ ಬೆಲೆ ಇರುವುದು ಆ ಜಾಗದಲ್ಲಿ: 50ರಿಂದ 90ಕ್ಕೆ ಎಷ್ಟು ಬೇಗ ಏರುತ್ತವೆ, 90ರಿಂದ ಸೊನ್ನೆಗೆ ಎಷ್ಟು ಬೇಗ ಇಳಿಯುತ್ತವೆ. ಇವತ್ತಿನ ಮಾತೆಲ್ಲ ಇವೆರಡರ ಸುತ್ತಲೇ.

ಓವರ್‌ಟೇಕಿನ ಲೆಕ್ಕ ಹಾಕಿ ನೋಡೋಣ. ಲಾರಿ 12 ಮೀಟರ್ ಉದ್ದ, ಕಾರು ನಾಲ್ಕೂವರೆ ಮೀಟರ್. ಲಾರಿಯ ಹಿಂದೆ 15 ಮೀಟರ್ ಅಂತರದಿಂದ ಹೊರಟು, ದಾಟಿದ ಮೇಲೆ ಅದರ ಮುಂದೆ ಇನ್ನೊಂದು 15 ಮೀಟರ್ ಬಿಟ್ಟು ಎಡಕ್ಕೆ ಬರಬೇಕು. ಅಂದರೆ ಲಾರಿಗಿಂತ ಸುಮಾರು 46 ಮೀಟರ್ ಹೆಚ್ಚು ಓಡಬೇಕು. ಸರಾಸರಿ 65ರ ವೇಗದಲ್ಲಿ ದಾಟಿದರೆ ಬಲಗಡೆ 11 ಸೆಕೆಂಡ್ ಇರುತ್ತೀರಿ, 200 ಮೀಟರ್ ಸಾಗುತ್ತೀರಿ. ಅಷ್ಟರಲ್ಲಿ ಎದುರಿನಿಂದ 80ರಲ್ಲಿ ಬರುವ ಬಸ್ಸು 250 ಮೀಟರ್ ಹತ್ತಿರವಾಗಿರುತ್ತದೆ. ಒಟ್ಟು 450 ಮೀಟರ್ ಖಾಲಿ ರಸ್ತೆ ಬೇಕಾಯಿತು. ಅದೇ ಸರಾಸರಿ 80ರಲ್ಲಿ ದಾಟಿದರೆ ಐದೂವರೆ ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ, 250 ಮೀಟರ್ ಸಾಕು. ಟರ್ಬೊ ಎಂಜಿನ್ ನಿಮಗೆ ಕೊಡುವುದು ಈ ಉಳಿದ 200 ಮೀಟರ್. ಅದನ್ನು ಸುರಕ್ಷತೆಗೆ ಇಟ್ಟುಕೊಳ್ಳಬೇಕು. ಪಿಕಪ್ ಇದೆ ಎಂದು 250 ಮೀಟರ್ ಖಾಲಿ ಇದ್ದಲ್ಲೇ ನುಗ್ಗಿದರೆ, ಸಣ್ಣ ಎಂಜಿನ್ನಿನವನು 450 ಮೀಟರ್ ಕಾದು ದಾಟುವಾಗ ಇದ್ದುದಕ್ಕಿಂತ ಹೆಚ್ಚಿನ ಭದ್ರತೆ ಏನೂ ಉಳಿಯುವುದಿಲ್ಲ.

ಈಗ ಎಂಜಿನ್. ವರ್ಟಸ್ ಮತ್ತು ಸ್ಲಾವಿಯಾ ಒಂದೇ ತಳಹದಿಯ ಮೇಲೆ, ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುವ ಕಾರುಗಳು. ಎರಡೂ 2022ರಲ್ಲಿ ಬಂದವು. ಇವುಗಳ 1.5 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್ 150 ಪಿಎಸ್ (ಅಶ್ವಶಕ್ತಿ) ಶಕ್ತಿ, 250 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. 2023ರ ವರ್ನಾ ಟರ್ಬೊದಲ್ಲಿ 160 ಪಿಎಸ್, 253 ಎನ್‌ಎಂ. ಈ ಅಂಕಿಗಳಲ್ಲಿ ನಾನು ಗೆರೆ ಹಾಕಿ ಓದುವುದು ಟಾರ್ಕನ್ನು, ಅದರಲ್ಲೂ ಆ ಟಾರ್ಕ್ ಎಷ್ಟು ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸಿಗುತ್ತದೆ ಎಂಬುದನ್ನು. ವರ್ಟಸ್‌ನಲ್ಲಿ 1,600ರಿಂದ 3,500ರವರೆಗೆ ಪೂರ್ತಿ 250 ಎನ್‌ಎಂ ಇದೆ. ಟರ್ಬೊ ಇಲ್ಲದ ಹೋಂಡಾ ಸಿಟಿಯ 1.5 ಎಂಜಿನ್ ಒಳ್ಳೆಯ ಎಂಜಿನ್ನೇ, 121 ಪಿಎಸ್ ಇದೆ, ಆದರೆ ಅದರ 145 ಎನ್‌ಎಂ ಸಿಗುವುದು 4,300ಕ್ಕೆ. ಲಾರಿ ದಾಟುವಾಗ ಸಿಟಿಯನ್ನು ಕೂಗಿಸಬೇಕು. ವರ್ಟಸ್ ಕೂಗದೆಯೇ ಎಳೆಯುತ್ತದೆ. ವರ್ಟಸ್, ಸ್ಲಾವಿಯಾಗಳ 1.0 ಟಿಎಸ್‌ಐ 115 ಪಿಎಸ್, 178 ಎನ್‌ಎಂನ ಮೂರು ಸಿಲಿಂಡರ್ ಎಂಜಿನ್. ಇಬ್ಬರೇ ಓಡಾಡುವ ಮನೆಗೆ ಅದು ಸಾಕು. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಪೂರ್ತಿ ಎಂದಾದಾಗ ಮಾತ್ರ ಎರಡರ ನಡುವಿನ ಅಂತರ ಗೊತ್ತಾಗುತ್ತದೆ.

1.5 ಟಿಎಸ್‌ಐನಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಹುಮನಾಬಾದ್ ದಾಟಿ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೈದರಾಬಾದ್ ಕಡೆ ಒಂದೇ ಸಮನೆ ಹೋಗುತ್ತಿರುವಾಗ, ಎಂಜಿನ್ ಮೇಲೆ ಭಾರ ಕಡಿಮೆ ಇದ್ದರೆ ನಾಲ್ಕರಲ್ಲಿ ನಡುವಿನ ಎರಡು ಸಿಲಿಂಡರ್ ತಾವೇ ಕೆಲಸ ನಿಲ್ಲಿಸುತ್ತವೆ. ಕಾಲು ಒತ್ತಿದ ತಕ್ಷಣ ಮತ್ತೆ ಸೇರಿಕೊಳ್ಳುತ್ತವೆ. ಇದರ ಲಾಭ ಸಿಗಬೇಕಾದರೆ ಆಕ್ಸಿಲರೇಟರ್ ಮೇಲಿನ ಕಾಲು ಅಲುಗಾಡದೆ ಇರಬೇಕು, ಅಥವಾ ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಹಾಕಬೇಕು. ಈ ವರ್ಗದ ಟರ್ಬೊ ಪೆಟ್ರೋಲ್ ಗಾಡಿಗಳು ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಲೀಟರಿಗೆ 16–18 ಕಿ.ಮೀ. ಕೊಟ್ಟರೆ, ಊರೊಳಗೆ 9–11ಕ್ಕೆ ಇಳಿಯುವುದು ಹೊಸದೇನಲ್ಲ. ವರ್ಟಸ್, ಸ್ಲಾವಿಯಾ, ವರ್ನಾ ಮೂರರಲ್ಲೂ ಟ್ಯಾಂಕ್ 45 ಲೀಟರ್.

ಬಿಸಿಲಿನ ಮಾತು ಇಲ್ಲೇ ಹೇಳಬೇಕು. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ 42–44 ಡಿಗ್ರಿ ಇರುತ್ತದೆ. ಡಾಂಬರಿನ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು. ಬಿಸಿ ಗಾಳಿ ತೆಳು ಗಾಳಿ. ಟರ್ಬೊ ಅದನ್ನು ಒತ್ತಿದಾಗ ಇನ್ನೂ ಬಿಸಿಯಾಗುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಇದೆ, ಆದರೆ ಹೊರಗಿನ ಗಾಳಿಯೇ 43 ಡಿಗ್ರಿ ಇದ್ದಾಗ ಅದು ತಣಿಸುವುದಕ್ಕೂ ಮಿತಿ ಇದೆ. ಒಳಗೆ ಹೋಗುವ ಗಾಳಿ ತೀರಾ ಬಿಸಿಯಾದರೆ ಪೆಟ್ರೋಲ್ ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ ಬಡಿಯುತ್ತದೆ. ಅದು ಆಗದಿರಲೆಂದು ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಶಕ್ತಿ ತಗ್ಗುತ್ತದೆ. ಹಾಗಾಗಿ ಮಧ್ಯಾಹ್ನ ಎರಡಕ್ಕೆ, ಎಸಿ ಹಾಕಿಕೊಂಡು ಹತ್ತು ನಿಮಿಷ ನಿಂತಿದ್ದ ಕಾರು ಹೊರಟ ಮೊದಲ ಒಂದೆರಡು ಕಿಲೋಮೀಟರ್ ಮುಂಜಾನೆಯಷ್ಟು ಎಳೆಯುವುದಿಲ್ಲ. ಇದು ದೋಷ ಅಲ್ಲ. ಆದರೆ ಮುಂಜಾನೆಯ ಎಳೆತದ ಅಂದಾಜಿನ ಮೇಲೆ ಆ ಹೊತ್ತಿನಲ್ಲಿ ಓವರ್‌ಟೇಕ್‌ಗೆ ಇಳಿಯಬಾರದು.

ಗೇರ್‌ಬಾಕ್ಸ್ ವಿಷಯಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಹೆಚ್ಚು ತಪ್ಪು ಬಳಕೆ ಆಗುವುದು ಇದರಲ್ಲೇ. 1.5 ಟಿಎಸ್‌ಐನ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಆಗಲಿ, ವರ್ನಾ ಟರ್ಬೊದ ಏಳು ಗೇರಿನ ಡಿಸಿಟಿ ಆಗಲಿ, ಒಳಗೆ ಇರುವುದು ಎರಡು ಕ್ಲಚ್. ಒಂದು ಕ್ಲಚ್ 1, 3, 5, 7ಕ್ಕೆ, ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಮೂರನೇ ಗೇರಿನಲ್ಲಿ ಹೋಗುತ್ತಿರುವಾಗಲೇ ನಾಲ್ಕನೆಯದು ತಯಾರಾಗಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ, ಎಳೆತ ತುಂಡಾಗುವುದೇ ಇಲ್ಲ. ಓಡಿಸುವ ಖುಷಿ ಬಹುಪಾಲು ಅಲ್ಲಿಂದಲೇ ಬರುತ್ತದೆ. ಆದರೆ ಈ ಕ್ಲಚ್‌ಗಳು ಒಣ ಕ್ಲಚ್‌ಗಳು, ತಣಿಸಲು ಎಣ್ಣೆ ಇಲ್ಲ. ಮ್ಯಾನ್ಯುಯಲ್ ಕಾರಿನಲ್ಲಿ ಅರ್ಧ ಕ್ಲಚ್ ಒತ್ತಿ ಓಡಿಸಿದರೆ ಪ್ಲೇಟ್ ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಡಿಎಸ್‌ಜಿಯಲ್ಲಿ ಬ್ರೇಕ್ ಮೇಲೆ ಅರ್ಧ ಕಾಲಿಟ್ಟು ಇಂಚು ಇಂಚಾಗಿ ತೆವಳಿದರೆ ಕಂಪ್ಯೂಟರ್ ಮಾಡುವುದೂ ಅದೇ ಅರ್ಧ ಕ್ಲಚ್.

ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ, ಇಲ್ಲವೇ ಸಂಜೆ ಹೊತ್ತು ಸೂಪರ್ ಮಾರ್ಕೆಟ್‌ನಲ್ಲಿ ಈ ತೆವಳುವಿಕೆ ಅರ್ಧ ತಾಸು ನಡೆಯುತ್ತದೆ. ಹೊರಗೆ ಕಾದ ಗಾಳಿ, ಕೆಳಗೆ ಕ್ಲಚ್ ಉಜ್ಜುತ್ತಲೇ ಇದೆ. ಮೊದಲು ಹೊರಡುವಾಗ ಸಣ್ಣ ನಡುಕ ಬರುತ್ತದೆ, ಆಮೇಲೆ ಮುಂದಿನ ಪರದೆಯಲ್ಲಿ ಗೇರ್‌ಬಾಕ್ಸ್ ಕಾಯ್ದಿದೆ ಎಂಬ ಎಚ್ಚರಿಕೆ. ಇದನ್ನು ತಪ್ಪಿಸುವ ದಾರಿ ಸರಳ. ಮುಂದಿನ ಗಾಡಿ ಎರಡು ಕಾರುದ್ದ ಮುಂದೆ ಹೋಗುವವರೆಗೆ ಬ್ರೇಕ್ ಪೂರ್ತಿ ಒತ್ತಿ ನಿಲ್ಲಿ. ಪೂರ್ತಿ ಒತ್ತಿದಾಗ ಕ್ಲಚ್ ಬಿಟ್ಟುಕೊಂಡಿರುತ್ತದೆ. ನಂತರ ಬ್ರೇಕಿನಿಂದ ಕಾಲು ಪೂರ್ತಿ ತೆಗೆದು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಕ್ಲಚ್ ಪೂರ್ತಿ ಹಿಡಿಯುವಷ್ಟು ಓಡಿಸಿ, ಮತ್ತೆ ಪೂರ್ತಿ ನಿಲ್ಲಿಸಿ. ಎಚ್ಚರಿಕೆ ಬಂದೇ ಬಿಟ್ಟರೆ ಬದಿಗೆ ನಿಲ್ಲಿಸಿ, ಗೇರನ್ನು ‘ಪಿ’ಗೆ (ಪಾರ್ಕ್) ಹಾಕಿ, ಎಂಜಿನ್ ಚಾಲೂ ಇಟ್ಟು ಅದು ಆರುವವರೆಗೆ ಕಾಯಿರಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಗಾಡಿಯನ್ನು ನಿಂತ ಜಾಗದಲ್ಲಿ ಹಿಡಿಯುವ ಅಭ್ಯಾಸ ಇದ್ದವರು ಇವತ್ತೇ ಬಿಡಬೇಕು. ಒಣ ಕ್ಲಚ್ಚಿಗೆ ಇದಕ್ಕಿಂತ ಬೇಗ ಹಾನಿ ಮಾಡುವ ಕೆಲಸ ಇನ್ನೊಂದಿಲ್ಲ. ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ‘ಪಿ’. ಮೊದಲೇ ‘ಪಿ’ ಹಾಕಿ ಬ್ರೇಕ್ ಬಿಟ್ಟರೆ ಇಡೀ ಕಾರಿನ ಭಾರ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ.

ದಿನದ ಓಡಾಟವೆಲ್ಲ ಊರೊಳಗೇ ಎನ್ನುವವರಿಗೆ 1.0 ಟಿಎಸ್‌ಐ ಜೊತೆ ಬರುವ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಹೆಚ್ಚು ಒಗ್ಗುತ್ತದೆ. ಅದು ಹಿಡಿಯುವುದು ಎಣ್ಣೆಯ ಮೂಲಕ, ತೆವಳಿದರೆ ಸವೆಯುವ ಒಣ ಪ್ಲೇಟ್ ಅಲ್ಲಿಲ್ಲ. ಸಿಟಿಯ ಸಿವಿಟಿ (ಹಂತಗಳಿಲ್ಲದೆ ಗೇರ್ ಬದಲಿಸುವ ಆಟೊಮ್ಯಾಟಿಕ್) ಕೂಡ ಊರೊಳಗೆ ನಯ. ಹೆದ್ದಾರಿಯ ಓಡಾಟ ಹೆಚ್ಚಿದ್ದು, ಗೇರ್ ಹಾಕುವ ಬೇಸರ ಇಲ್ಲದವರಿಗೆ 1.5 ಟರ್ಬೊ ಜೊತೆ ಆರು ಗೇರಿನ ಮ್ಯಾನ್ಯುಯಲ್ ಈ ಪ್ರಾಂತ್ಯಕ್ಕೆ ತುಂಬ ಒಳ್ಳೆಯ ಜೋಡಿ ಎಂಬುದು ನನ್ನ ಅಭಿಪ್ರಾಯ.

ಡಿಎಸ್‌ಜಿಯಲ್ಲಿ ಓವರ್‌ಟೇಕ್ ಮಾಡುವ ಕ್ರಮವೂ ಇದೆ. ‘ಡಿ’ಯಲ್ಲಿ (ಡ್ರೈವ್) 80ರ ವೇಗದಲ್ಲಿ ಗೇರ್‌ಬಾಕ್ಸ್ ಪೆಟ್ರೋಲ್ ಉಳಿಸಲೆಂದು ಮೇಲಿನ ಗೇರಿನಲ್ಲಿರುತ್ತದೆ. ಒಮ್ಮೆಲೇ ಪೂರ್ತಿ ಒತ್ತಿದರೆ ಅದು ಯೋಚಿಸಿ, ಎರಡು ಮೂರು ಗೇರ್ ಇಳಿದು, ಟರ್ಬೊ ತುಂಬಿಕೊಂಡು ಎಳೆಯುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ. 80ರಲ್ಲಿ ಒಂದು ಸೆಕೆಂಡ್ ಅಂದರೆ 22 ಮೀಟರ್. ಅದಕ್ಕೇ ಬಲಕ್ಕೆ ಹೊರಳುವ ಮೊದಲೇ, ಇನ್ನೂ ಲಾರಿಯ ಹಿಂದೆ ಇರುವಾಗಲೇ, ಲಿವರನ್ನು ‘ಎಸ್’ಗೆ (ಸ್ಪೋರ್ಟ್) ಎಳೆಯಿರಿ ಅಥವಾ ಸ್ಟೀರಿಂಗ್ ಹಿಂದಿನ ಎಡಗಡೆ ಪ್ಯಾಡಲ್ ಒತ್ತಿ ಗೇರ್ ಇಳಿಸಿಕೊಳ್ಳಿ. ಎಂಜಿನ್ 2,500–3,000ಕ್ಕೆ ಬರಲಿ. ಆಮೇಲೆ ಹೊರಳಿ. ಮ್ಯಾನ್ಯುಯಲ್‌ನಲ್ಲಿ ಇದೇ ಕೆಲಸ ಮೂರನೇ ಗೇರಿನದು. ಆರನೇ ಗೇರಿನಲ್ಲಿ 1,200–1,300 ಆರ್‌ಪಿಎಂನಲ್ಲಿದ್ದಾಗ ಪೂರ್ತಿ ಒತ್ತುವುದು ಟರ್ಬೊ ಎಂಜಿನ್ನಿಗೆ ಕೆಟ್ಟದ್ದು: ಕಡಿಮೆ ಸುತ್ತು, ಹೆಚ್ಚು ಭಾರ ಎರಡೂ ಸೇರಿದಾಗ ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ, ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ. ಕಂಪನಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಬೇಕು ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಟಯರ್. 150 ಕುದುರೆ ಇರಲಿ, 160 ಇರಲಿ, ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ರಬ್ಬರ್ ಮಾತ್ರ. 1.5 ಎಂಜಿನ್ನಿನ ವರ್ಟಸ್ ಜಿಟಿಯ ಟಯರ್ 205/55 ಆರ್16. ಅಂದರೆ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 55, ಸುಮಾರು 113 ಮಿ.ಮೀ., ರಿಮ್ 16 ಇಂಚು. ನೋಟಕ್ಕೆಂದು 17 ಇಂಚಿನ ರಿಮ್ ಹಾಕಿಸುವವರಿದ್ದಾರೆ. 205/50 ಆರ್17 ಹಾಕಿದರೆ ಹೊರಗಿನ ವ್ಯಾಸ ಒಂದು ಶೇಕಡಾದಷ್ಟೂ ಬದಲಾಗುವುದಿಲ್ಲ, ಸ್ಪೀಡೊಮೀಟರ್ ಲೆಕ್ಕವೂ ತಪ್ಪುವುದಿಲ್ಲ. ಆದರೆ ಪಕ್ಕದ ಗೋಡೆ 10 ಮಿ.ಮೀ. ಕಡಿಮೆಯಾಗುತ್ತದೆ. ಗುಂಡಿಯ ಅಂಚಿಗೆ ಬಡಿದಾಗ ರಿಮ್ ಮತ್ತು ರಸ್ತೆಯ ನಡುವೆ ಸಿಕ್ಕಿ ಗೋಡೆಯೊಳಗಿನ ದಾರ ತುಂಡಾಗುತ್ತದೆ, ಮರುದಿನ ಅಲ್ಲಿ ಗುಳ್ಳೆ ಎದ್ದಿರುತ್ತದೆ. ಗುಳ್ಳೆ ಎದ್ದ ಟಯರಿಗೆ ರಿಪೇರಿ ಇಲ್ಲ, ತೆಗೆದೊಗೆಯಬೇಕು. ನಮ್ಮ ಜಿಲ್ಲೆಗಳ ರಸ್ತೆಗೆ 16 ಇಂಚೇ ಸರಿ.

ಹವಾ ವಿಷಯದಲ್ಲಿ ಬೇಸಿಗೆಯಲ್ಲಿ ಎಲ್ಲೆಡೆ ಒಂದೇ ತಪ್ಪು ನಡೆಯುತ್ತದೆ. ಮುಂಜಾನೆ 25 ಡಿಗ್ರಿಯಲ್ಲಿ 33 ಪಿಎಸ್‌ಐ (ಹವಾ ಒತ್ತಡದ ಅಳತೆ) ಇದ್ದ ಟಯರ್, ಹೆದ್ದಾರಿಯಲ್ಲಿ ಓಡಿ ಒಳಗಿನ ಗಾಳಿ 60 ಡಿಗ್ರಿಗೆ ಬಂದಾಗ 38–39 ತೋರಿಸುತ್ತದೆ. ಬಂಕಿನವರು ‘ಹೆಚ್ಚಾಗ್ಯಾದ, ಬಿಡ್ತೀನ್ರಿ’ ಎಂದು 33ಕ್ಕೆ ಇಳಿಸುತ್ತಾರೆ. ಮರುದಿನ ಮುಂಜಾನೆ ಅದೇ ಟಯರ್ 28ಕ್ಕೆ ಬಂದಿರುತ್ತದೆ. ಕಡಿಮೆ ಹವಾದ ಟಯರ್ ಓಡುವಾಗ ಗೋಡೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, 100ರ ವೇಗದಲ್ಲಿ ಸಿಡಿಯುವುದು ಹೀಗೆ. ಬೇಸಿಗೆಯಲ್ಲಿ ಹವಾ ಕಡಿಮೆ ಇಡಬೇಕು ಎಂಬ ನಂಬಿಕೆ ಪೂರ್ತಿ ತಲೆಕೆಳಗು. ರಾತ್ರಿಯಿಡೀ ನಿಂತಿದ್ದ ಗಾಡಿ ಎರಡು ಮೂರು ಕಿ.ಮೀ. ಓಡುವುದರೊಳಗೆ, ಚಾಲಕನ ಬಾಗಿಲ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುವ ಚೀಟಿ ನೋಡಿ ಹಾಕಿಸಿ. ಪೂರ್ತಿ ಜನ, ಸಾಮಾನು ಇದ್ದರೆ ಅದೇ ಚೀಟಿಯಲ್ಲಿ ಬೇರೆ ಅಂಕಿ ಇರುತ್ತದೆ. ಕಾಯ್ದ ಟಯರಿನಿಂದ ಹವಾ ಬಿಡಬೇಡಿ. ನೈಟ್ರೋಜನ್ ಹಾಕಿಸಿದರೂ ಬಿಸಿಗೆ ಒತ್ತಡ ಏರುವುದು ಹೆಚ್ಚುಕಡಿಮೆ ಇಷ್ಟೇ. ಟಯರಿನ ಗೋಡೆಯ ಮೇಲಿನ ನಾಲ್ಕು ಅಂಕಿಯನ್ನೂ ಓದಿ: 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಗಾಡಿ ಕಡಿಮೆ ಓಡಿದ್ದರೂ ಬಿಸಿಲಲ್ಲಿ ನಿಂತು ನಿಂತು ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಟಯರಿನ ಗೆರೆಗಳ ಆಳ 1.6 ಮಿ.ಮೀ.ಗೆ ಬಂದರೆ ಕಾನೂನಿನ ಪ್ರಕಾರ ಮುಗಿಯಿತು. ಮಳೆಗಾಲ ಎದುರಿಗಿದ್ದರೆ ನಾನು 3ಕ್ಕೇ ಬದಲಿಸಲು ಹೇಳುತ್ತೇನೆ.

ಬ್ರೇಕಿನ ಲೆಕ್ಕ ಹೀಗಿದೆ. ಒಣ ರಸ್ತೆ, ಒಳ್ಳೆಯ ಟಯರ್ ಇದ್ದು, ಚಾಲಕ ಕಂಡು ಕಾಲಿಡಲು ಒಂದು ಸೆಕೆಂಡ್ ಹಿಡಿದರೆ, 80ರಿಂದ ನಿಲ್ಲಲು ಸುಮಾರು 54 ಮೀಟರ್, 100ರಿಂದ 77, 120ರಿಂದ 104 ಮೀಟರ್ ಬೇಕು. ವೇಗ ಒಂದೂವರೆ ಪಟ್ಟಾದರೆ ದೂರ ಹತ್ತಿರ ಹತ್ತಿರ ಎರಡು ಪಟ್ಟು. ರಾತ್ರಿ ಡಿಪ್ ಬೆಳಕಿನಲ್ಲಿ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರಾಲಿ ಕಣ್ಣಿಗೆ ಬೀಳುವುದೇ 50–60 ಮೀಟರ್ ಇದ್ದಾಗ. ಆಳಂದ, ಅಫಜಲಪುರ, ಭಾಲ್ಕಿ ಕಡೆ ಸಕ್ಕರೆ ಕಾರ್ಖಾನೆ ನಡೆಯುವ ತಿಂಗಳುಗಳಲ್ಲಿ ರಾತ್ರಿ 80 ದಾಟಬೇಡಿ ಎನ್ನುವುದಕ್ಕೆ ಈ ಲೆಕ್ಕಕ್ಕಿಂತ ಬೇರೆ ಕಾರಣ ಬೇಕಿಲ್ಲ. 2022ರಲ್ಲಿ ಬಂದ ವರ್ಟಸ್, ಸ್ಲಾವಿಯಾಗಳಲ್ಲಿ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್. ವರ್ನಾ ಟರ್ಬೊದಲ್ಲಿ ನಾಲ್ಕೂ ಡಿಸ್ಕ್. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಒಂದು ಗಟ್ಟಿ ಬ್ರೇಕಿಗೆ ಡ್ರಮ್ ಸಾಕಾಗುತ್ತದೆ. ಮೇಲಿಂದ ಮೇಲೆ ಗಟ್ಟಿ ಬ್ರೇಕ್ ಹಾಕುವವರಿಗೆ, ಇಳಿಜಾರಿನಲ್ಲಿ ಗೇರ್ ಇಳಿಸದೆ ಬ್ರೇಕ್ ಮೇಲೇ ಬರುವವರಿಗೆ ಡಿಸ್ಕಿನ ಉಪಯೋಗ ಕಾಣುತ್ತದೆ. ಯಾವುದೇ ಇದ್ದರೂ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹಿಡಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಒತ್ತಿದ ಪೆಡಲ್ ಹಿಡಿಯದೆ ಒಳಗೆ ಹೋಗುತ್ತದೆ.

ಓಡಿಸುವ ಅನುಭವಕ್ಕೆ ಬಂದರೆ, ಈ ಎಲ್ಲ ಕಾರುಗಳ ಸಸ್ಪೆನ್ಷನ್ (ಚಕ್ರ ಮತ್ತು ಬಾಡಿಯ ನಡುವಿನ ಸ್ಪ್ರಿಂಗ್, ಶಾಕಪ್ ವ್ಯವಸ್ಥೆ) ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟ್ವಿಸ್ಟ್ ಬೀಮ್ ಎಂಬ ಬಗೆಯದು. ರಚನೆ ಒಂದೇ, ಹದ ಬೇರೆ ಬೇರೆ. ವರ್ಟಸ್ ಮತ್ತು ಸ್ಲಾವಿಯಾ ನಿಧಾನಕ್ಕೆ ಹೋಗುವಾಗ ಸ್ವಲ್ಪ ಗಡಸು ಅನಿಸುತ್ತವೆ, 90–100ರಲ್ಲಿ ನೆಲಕ್ಕೆ ಅಂಟಿದಂತೆ ಹೋಗುತ್ತವೆ. ವರ್ನಾ ಊರೊಳಗೆ ಮೆತ್ತಗೆ, ಸ್ಟೀರಿಂಗ್ ಹಗುರ. ನಮ್ಮಲ್ಲಿ ಇದು ಏಕೆ ಮುಖ್ಯ ಅಂದರೆ, ಜೇವರ್ಗಿ, ಶಹಾಪುರ, ಸುರಪುರದ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರ್ ಅಲೆಯಲೆಯಾಗಿ ಏಳುತ್ತದೆ, ಅಂಚು ಕುಸಿಯುತ್ತದೆ. ಗುಂಡಿ ಕಣ್ಣಿಗೆ ಕಾಣುತ್ತದೆ, ಅಲೆ ಕಾಣುವುದಿಲ್ಲ. 90ರಲ್ಲಿ ಅಂಥ ಅಲೆಯ ಮೇಲೆ ಕಾರು ಎದ್ದಾಗ ಚಕ್ರದ ಮೇಲಿನ ಭಾರ ಕ್ಷಣಕಾಲ ಇಲ್ಲವಾಗುತ್ತದೆ. ಆ ಕ್ಷಣದಲ್ಲಿ ಸ್ಟೀರಿಂಗ್ ತಿರುಗಿಸಿದರೆ, ಬ್ರೇಕ್ ಒತ್ತಿದರೆ ಕೆಲಸ ಮಾಡುವುದಿಲ್ಲ. ಹದವಾದ ಶಾಕಪ್ ಇರುವ ಕಾರು ಒಂದೇ ಸಲಕ್ಕೆ ಕೂರುತ್ತದೆ, ಶಾಕಪ್ ಸತ್ತ ಕಾರು ಮೂರು ಸಲ ಕುಣಿಯುತ್ತದೆ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಕಾಟ ಕಡಿಮೆ.

ಹಂಪ್‌ಗಳ ಬಗ್ಗೆ ಸಭೆಯಲ್ಲಿ ಪ್ರಶ್ನೆ ಬಂದಿತ್ತು: ‘ಸರ, ಸೆಡಾನ್ ತಗೊಂಡ್ರ ನಮ್ಮೂರ ಹಂಪಿಗಿ ಚೇಂಬರ್ ಬಡಿಯಂಗಿಲ್ಲೇನ್ರಿ?’ (ಚೇಂಬರ್ ಅಂದರೆ ಎಂಜಿನ್ ಕೆಳಗಿನ ಎಣ್ಣೆಯ ತೊಟ್ಟಿ.) ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ವರ್ಟಸ್‌ನ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ., ಅದಕ್ಕೆ ಆ ಹಂಪ್ ಲೆಕ್ಕಕ್ಕಿಲ್ಲ. ಹಳ್ಳಿಯ ಮುಂದೆ ಒಂದು ಮೀಟರ್ ಅಗಲದಲ್ಲಿ ಗೋಡೆಯಂತೆ ಎಬ್ಬಿಸಿದ ಹಂಪ್ ಮಾತ್ರ ಬೇರೆ. 179 ಎಂಬುದು ಖಾಲಿ ಕಾರಿನ ಅಳತೆ. ಐದು ಜನ ಕೂತು, 521 ಲೀಟರಿನ ಡಿಕ್ಕಿ ತುಂಬಿದರೆ ಗಾಡಿ ಕೆಳಗಿಳಿಯುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2,651 ಮಿ.ಮೀ. ಅಂತರ ಇರುವುದರಿಂದ ಬಡಿಯುವುದು ನಡುಹೊಟ್ಟೆ. ದಾಟುವ ರೀತಿ ಹೀಗೆ: ಮೊದಲೇ ನಿಧಾನಿಸಿ, ಹಂಪಿಗೆ ಒಂದು ಮೀಟರ್ ಇರುವಾಗ ಬ್ರೇಕಿನಿಂದ ಕಾಲು ತೆಗೆಯಿರಿ. ಬ್ರೇಕ್ ಒತ್ತಿಕೊಂಡೇ ಏರಿದರೆ ಮೂಗು ತಗ್ಗಿರುತ್ತದೆ, ಮುಂದಿನ ಬಂಪರ್ ಉಜ್ಜುತ್ತದೆ. ಎದುರು ಹಿಂದೆ ಯಾರೂ ಇಲ್ಲದಿದ್ದರೆ ಮಾತ್ರ ಓರೆಯಾಗಿ ದಾಟಿ. ಸ್ಪ್ರಿಂಗ್ ನಡುವೆ ರಬ್ಬರ್ ತುಂಡು ಸಿಕ್ಕಿಸಿ ಎತ್ತರ ಮಾಡಿಸುವ ಕೆಲಸ ಬೇಡ. ಸ್ಪ್ರಿಂಗಿನ ಒಂದು ಸುತ್ತು ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ, ಭಾರ ಉಳಿದ ಸುತ್ತುಗಳ ಮೇಲೆ ಬಿದ್ದು ಸ್ಪ್ರಿಂಗೇ ಮುರಿಯಬಹುದು.

ಸುಗ್ಗಿಯ ಹೊತ್ತಿಗೆ ಇನ್ನೊಂದು ಅಪಾಯ ಇದೆ. ರಸ್ತೆಯ ಮೇಲೆ ತೊಗರಿ, ಹುರುಳಿ, ಜೋಳ ಹರಡಿ ರಾಶಿ ಮಾಡುತ್ತಾರೆ. ಹುರುಳಿ ಬಳ್ಳಿ ಚಕ್ರದ ಆಕ್ಸಲ್ಲಿಗೆ ಸುತ್ತಿಕೊಂಡು ಹಗ್ಗದಂತೆ ಬಿಗಿಯುತ್ತದೆ, ಆಕ್ಸಲ್ ಕೀಲಿನ ರಬ್ಬರ್ ಕವಚ (ಬೂಟ್) ಹರಿಯುತ್ತದೆ. ಅದಕ್ಕಿಂತ ದೊಡ್ಡದು ಬೆಂಕಿ. ಟರ್ಬೊ ಪೆಟ್ರೋಲ್ ಕಾರಿನ ಕೆಳಗಿನ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾಯ್ದಿರುತ್ತದೆ, ಒಣ ಹೊಟ್ಟು ತಾಗಿದರೆ ಹೊತ್ತಿಕೊಳ್ಳುತ್ತದೆ. ಸುತ್ತಿ ಹೋಗಲು ದಾರಿ ಇದ್ದರೆ ಸುತ್ತಿಯೇ ಹೋಗಿ. ಇಲ್ಲದಿದ್ದರೆ ನಿಧಾನವಾಗಿ, ಎಲ್ಲೂ ನಿಲ್ಲದೆ ದಾಟಿ, ಬರಿಯ ನೆಲ ಸಿಕ್ಕ ಕೂಡಲೇ ಇಳಿದು ಬಗ್ಗಿ ನೋಡಿ, ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ. ಒಂದು ಕೆಜಿಯ ಎಬಿಸಿ ಪುಡಿಯ ಅಗ್ನಿಶಾಮಕ ಚಾಲಕನ ಕೈಗೆಟುಕುವಲ್ಲಿ ಇರಲಿ. ಡಿಕ್ಕಿಯಲ್ಲಿಟ್ಟರೆ ಬೇಕಾದಾಗ ಸಿಗುವುದಿಲ್ಲ. ಬಾನೆಟ್ ಒಳಗೆ ಬೆಂಕಿ ಕಂಡರೆ ಪೂರ್ತಿ ತೆರೆಯಬೇಡಿ. ಗಾಳಿ ನುಗ್ಗಿ ಜ್ವಾಲೆ ಎದ್ದೀತು.

ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರದಲ್ಲಿ ಓಡಾಡುವವರಿಗೆ ಧೂಳಿನ ಮಾತು. ಟರ್ಬೊ ಎಂಜಿನ್ ಅದೇ ಅಳತೆಯ ಸಾದಾ ಎಂಜಿನ್ನಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಕೈಪಿಡಿಯಲ್ಲಿ ಏರ್ ಫಿಲ್ಟರಿಗೆ ಬರೆದ ಅವಧಿ ಸಾದಾ ರಸ್ತೆಯದು. ಇಲ್ಲಿ ಅದರ ಅರ್ಧಕ್ಕೇ ತೆಗೆದು ನೋಡಿಸಬೇಕು. ಎಸಿಯ ಫಿಲ್ಟರೂ ಹಾಗೇ. ಮುಂದಿನ ಎಸಿ ಕಂಡೆನ್ಸರ್, ರೇಡಿಯೇಟರ್ ನಡುವೆ ಸಿಮೆಂಟ್ ಧೂಳು, ಹುಳ ತುಂಬಿದರೆ ಎಸಿ ನಿಂತಲ್ಲಿ ತಣ್ಣಗಾಗುವುದಿಲ್ಲ, ಓಡುವಾಗ ಮಾತ್ರ ಆಗುತ್ತದೆ. ಗ್ಯಾಸ್ ಹೋಗಿದೆ ಎಂದು ತಿಳಿದು ಗ್ಯಾಸ್ ತುಂಬಿಸುತ್ತಾರೆ. ಮೊದಲು ಮೆಲ್ಲಗಿನ ನೀರಿನಿಂದ ತೊಳೆಸಿ. ಜೋರು ಒತ್ತಡದ ನೀರು ತೆಳು ತಗಡನ್ನು ಮಡಚುತ್ತದೆ.

ಉಳಿದ ಸೌಲಭ್ಯಗಳನ್ನು ಬೇಗ ಮುಗಿಸುತ್ತೇನೆ. ಸೀಟಿನೊಳಗಿಂದ ಗಾಳಿ ಬರುವ ವ್ಯವಸ್ಥೆ ನಮ್ಮ ಊರಿಗೆ ನಿಜಕ್ಕೂ ಬೇಕಾದದ್ದು, ಸನ್‌ರೂಫ್ ಬೇಕಾಗಿಲ್ಲ. ಪರದೆ ಎಂಟು ಇಂಚೋ ಹತ್ತು ಇಂಚೋ ಎಂಬುದಕ್ಕಿಂತ ಎಸಿಗೆ ತಿರುಗಿಸುವ ಗುಂಡಿ ಇದೆಯೇ ನೋಡಿ. ಆರು ಏರ್‌ಬ್ಯಾಗ್, ಕಾರು ಜಾರದಂತೆ ಹಿಡಿಯುವ ಇಎಸ್‌ಸಿ ಇರಲೇಬೇಕು. ವರ್ಟಸ್, ಸ್ಲಾವಿಯಾ, ವರ್ನಾ ಮೂರೂ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿವೆ. ವರ್ನಾದ ಮೇಲಿನ ಮಾದರಿಗಳಲ್ಲಿ, ಸಿಟಿಯಲ್ಲಿ ತಾನೇ ಬ್ರೇಕ್ ಹಾಕುವ, ಪಥ ಹಿಡಿಸುವ ಅಡಾಸ್ ಇದೆ. ಹುಮನಾಬಾದಿನ ನಾಲ್ಕು ಪಥದ ಹೆದ್ದಾರಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಿಳಿ ಗೆರೆ ಅಳಿಸಿದ ಎರಡು ಪಥದ ರಸ್ತೆಯಲ್ಲಿ ಪಥ ಹಿಡಿಸುವ ಭಾಗವನ್ನು ಆರಿಸಿ, ಮುಂದಿನ ಗಾಡಿಗೆ ಬಡಿಯುವುದನ್ನು ತಪ್ಪಿಸುವ ಭಾಗವನ್ನು ಇಟ್ಟುಕೊಳ್ಳಿ. ಗಾಜಿನ ಮೇಲಿನ ಕ್ಯಾಮೆರಾದ ಮುಂದೆ ಧೂಳು, ಸ್ಟಿಕ್ಕರ್ ಇರಬಾರದು.

ಪೆಟ್ರೋಲ್ ಬಗ್ಗೆ: ಈಗ ಬರುವುದು ಇ20, ಅಂದರೆ ಶೇ. 20ರವರೆಗೆ ಎಥನಾಲ್. ಲೀಟರಿಗೆ ಸಿಗುವ ಶಾಖ ಶುದ್ಧ ಪೆಟ್ರೋಲಿಗಿಂತ ಶೇ. 6–7 ಕಡಿಮೆ, ಮೈಲೇಜ್ ಸ್ವಲ್ಪ ಇಳಿದರೆ ಗಾಬರಿ ಬೇಡ. ನಿಮ್ಮ ಗಾಡಿ ಇ20ಗೆ ತಯಾರಾದದ್ದೇ ಎಂದು ಕೈಪಿಡಿಯಲ್ಲಿ, ಮುಚ್ಚಳದ ಚೀಟಿಯಲ್ಲಿ ನೋಡಿ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ, ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಕೊನೆಗೆ ಹಲವರು ಕೇಳಿದ್ದು ಹಳೆಯ ಡಿಎಸ್‌ಜಿ ಕಾರು ಕೊಳ್ಳಬಹುದೇ ಎಂದು. ಕೊಳ್ಳಬಹುದು, ಆದರೆ ಮಧ್ಯಾಹ್ನ ಮೂರರ ಬಿಸಿಲಲ್ಲಿ, ನಾಲ್ಕು ಜನ ಕೂತು ಓಡಿಸಿ ನೋಡಬೇಕು. ತಣ್ಣಗಿದ್ದಾಗ ಎಲ್ಲ ಕ್ಲಚ್ಚೂ ನಯವೇ. ಮೊದಲು ಹದಿನೈದು ಇಪ್ಪತ್ತು ನಿಮಿಷ ಊರೊಳಗಿನ ದಟ್ಟಣೆಯಲ್ಲಿ ಓಡಿಸಿ. ನಿಂತು ಹೊರಡುವಾಗ, ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಸೀಟಿಗೆ ನಡುಕ ತಿಳಿಯುತ್ತದೆಯೇ? ಏರಿನಲ್ಲಿ ನಿಲ್ಲಿಸಿ ರಿವರ್ಸ್ ಹಾಕಿ ಮೆಲ್ಲಗೆ ಹಿಂದೆ ಬನ್ನಿ. ಸವೆದ ಕ್ಲಚ್ ಅಲ್ಲಿ ಬೇಗ ಸಿಕ್ಕಿಬೀಳುತ್ತದೆ. ಆಮೇಲೆ ರಿಂಗ್ ರೋಡಿಗೆ ಹೋಗಿ 50ರಿಂದ 90ರವರೆಗೆ ಪೂರ್ತಿ ಒತ್ತಿ. ಎಳೆತ ಒಂದೇ ಸಮನೆ ಇರಬೇಕು, ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹಿಂದೆ ಯಾರೂ ಇಲ್ಲದಾಗ ಒಂದು ಗಟ್ಟಿ ಬ್ರೇಕ್: ಸ್ಟೀರಿಂಗ್ ನಡುಗಿದರೆ ಡಿಸ್ಕ್ ಡೊಂಕಾಗಿರಬಹುದು, ಒಂದು ಕಡೆಗೆ ಎಳೆದರೆ ದೋಷ ಕ್ಯಾಲಿಪರ್ (ಡಿಸ್ಕ್ ಅನ್ನು ಅದುಮುವ ಭಾಗ) ಅಥವಾ ಟಯರಿನದು. ವಾಪಸ್ ಬಂದು ಎಂಜಿನ್ ಆರಿಸುವ ಮುನ್ನ ಎಸಿ ಹಾಕಿ ಐದು ನಿಮಿಷ ನಿಲ್ಲಿಸಿ, ತಾಪದ ಮುಳ್ಳು ಏರುತ್ತದೆಯೇ ನೋಡಿ. ಕೂಲಂಟ್ ಡಬ್ಬಿಯ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಬೇಡಿ. ಹೊರಗಿನಿಂದಲೇ ಮಟ್ಟ, ಬಣ್ಣ ಕಾಣುತ್ತದೆ. ಎಣ್ಣೆ ಬದಲಿಸಿದ ಬಿಲ್ಲುಗಳನ್ನು ಕೇಳಿ, ಎಣ್ಣೆಯ ದರ್ಜೆಯನ್ನು ಕೈಪಿಡಿಯ ದರ್ಜೆಯ ಜೊತೆ ತಾಳೆ ಹಾಕಿ. ಗಾಡಿಯನ್ನು ಮೇಲೆತ್ತಿಸಿ ಚೇಂಬರಿನ ಕೆಳಗಿನ ಹೊಡೆತದ ಗುರುತು, ಆಕ್ಸಲ್ ಬೂಟ್ ಹರಿದು ಗ್ರೀಸ್ ಚಿಮ್ಮಿದೆಯೇ ನೋಡಿ. ಸ್ಕ್ಯಾನರ್ ಹಾಕಿಸಿ ಗೇರ್‌ಬಾಕ್ಸಿನ ಹಳೆಯ ದೋಷ ಸಂಕೇತಗಳನ್ನು ಓದಿಸಿ. ಸ್ಕ್ಯಾನ್‌ಗೆ ಒಂದು ದಿನ ಮೊದಲು ಯಾರೋ ಅವನ್ನು ಅಳಿಸಿರಬಹುದು, ಅದಕ್ಕೇ ಸ್ಕ್ಯಾನನ್ನು ಓಡಿಸಿ ನೋಡಿದ ನಂತರ ಮಾಡಿಸಿ, ಮೊದಲಲ್ಲ.